‘ಒಪ್ಪ’ದಿಂದ ‘ನಾನು ರೋಬೋಟ್ ಅಲ್ಲ’ದವರೆಗೆ: ಹಾಸನ ಸೀಮೆಯ ದಾಖಲೆಗಳಲ್ಲಿ ಗುರುತಿನ ಭಾಷೆ

ಸಾರಾಂಶ: ದಾಖಲೆಯೊಂದರ ಮುಂದೆ ನಿಂತ ವ್ಯಕ್ತಿ ತಾನು ಯಾರೆಂಬುದನ್ನು ಭಾಷೆಯಲ್ಲಿ ಹೇಗೆ ಸ್ಥಾಪಿಸಿಕೊಂಡಿದ್ದಾನೆ ಎಂಬ ಪ್ರಶ್ನೆಯನ್ನು ಈ ಲೇಖನವು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಸೀಮೆಯ ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ. ಒಪ್ಪ, ಸಹಿ, ರುಜು, ಹೆಬ್ಬೆಟ್ಟು, ಲಾಗಿನ್ ಎಂಬ ಪದಗಳ ಚರಿತ್ರೆಯಲ್ಲಿ ಪ್ರಶ್ನೆಯೇ ಬದಲಾಗುತ್ತ ಬಂದಿದೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಒಪ್ಪ, ಅಂಕಿತ, ರುಜು, ಹೆಬ್ಬೆಟ್ಟು, ಕೂಟಶಾಸನ, ಕ್ಯಾಪ್ಚಾ, ನಿಷೇಧ ರಚನೆ

1. ಪೀಠಿಕೆ

ಗಣಕಯಂತ್ರದ ಪರದೆಯ ಮೇಲೆ ಇಂದು ಪದೇ ಪದೇ ಒಂದು ಸೂಚನೆ ಕಾಣಿಸಿಕೊಳ್ಳುತ್ತದೆ: ನೀವು ಬಾಟ್ ಅಲ್ಲವೆಂದು ದೃಢಪಡಿಸಲು ಸೈನ್ ಇನ್ ಮಾಡಿ. ಪಹಣಿ ಪಡೆಯಲು ಬಂದ ರೈತನೂ ಶಾಸನಸಂಪುಟದ ಪುಟ ತೆರೆಯಲು ಕುಳಿತ ಸಂಶೋಧನ ವಿದ್ಯಾರ್ಥಿಯೂ ಈ ಸೂಚನೆಗೆ ಸಮಾನವಾಗಿ ಒಳಗಾಗುತ್ತಾರೆ. ಇದನ್ನು ತಂತ್ರಜ್ಞಾನದ ಸಂಗತಿಯೆಂದು ಬದಿಗಿರಿಸುವುದು ಸುಲಭ. ಆದರೆ ಇಲ್ಲಿ ಒಂದು ಭಾಷಿಕ ಕ್ರಿಯೆಯೂ ಅಡಗಿದೆ. ಒಬ್ಬ ವ್ಯಕ್ತಿ ಅಕ್ಷರದ, ಹೆಸರಿನ ಅಥವಾ ಗುರುತಿನ ಮೂಲಕ ತನ್ನನ್ನು ನಂಬಿಸಬೇಕಾಗಿದೆ. ಈ ಕ್ರಿಯೆಗೆ ಕನ್ನಡದಲ್ಲಿ ಸುದೀರ್ಘ ಚರಿತ್ರೆಯಿದೆ.

ಆ ಚರಿತ್ರೆಯನ್ನು ಓದಲು ಹಾಸನ ಸೀಮೆ ಅನುಕೂಲವಾದ ಕ್ಷೇತ್ರ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟ ಹಾಸನ ಜಿಲ್ಲೆಗೇ ಮೀಸಲಾದದ್ದು. ನಮ್ಮ ನಾಲ್ಕೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಶ್ರವಣಬೆಳಗೊಳಕ್ಕೆ ಪ್ರತ್ಯೇಕವಾಗಿ ಎರಡನೆಯ ಸಂಪುಟವಿದೆ. 1889ರ ಮೊದಲ ಆವೃತ್ತಿಯಲ್ಲಿ 144 ಶಾಸನಗಳಿದ್ದರೆ, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ ಅವು 500 ಆದವು. ಹೀಗೆ ಕಲ್ಲು, ತಾಮ್ರ, ಕಾಗದ ಮತ್ತು ಪರದೆ ಎಂಬ ನಾಲ್ಕು ಮಾಧ್ಯಮಗಳಲ್ಲೂ ಒಂದೇ ನೆಲದ ಸಾಕ್ಷ್ಯವನ್ನು ನಾವು ಅನುಸರಿಸಬಹುದಾಗಿದೆ.

2. ಒಪ್ಪ: ದೇವರ ಹೆಸರಿನಲ್ಲಿ ಸಹಿ

ಹೊಯ್ಸಳರ ಕಾಲದ ದಾನಶಾಸನಗಳ ಕೊನೆಯಲ್ಲಿ ‘ಒಪ್ಪ’ ಎಂಬ ಪದ ಬರುತ್ತದೆ. ಇದು ‘ಒಪ್ಪು’ ಧಾತುವಿನಿಂದ ಬಂದ ದೇಶ್ಯ ನಾಮಪದ. ಸಮ್ಮತಿಯೂ ಹೌದು, ಸಮ್ಮತಿಯ ಗುರುತೂ ಹೌದು. ತಮಿಳಿನ ‘ಒಪ್ಪಂ’, ಮಲಯಾಳದ ‘ಒಪ್ಪ್’ ಇದರ ಜ್ಞಾತಿಗಳು. ಮಲಯಾಳದಲ್ಲಿ ಇಂದಿಗೂ ಸಹಿಗೆ ಬಳಕೆಯಲ್ಲಿರುವ ಸಾಮಾನ್ಯ ಪದ ಇದೇ. ಕನ್ನಡದಲ್ಲಿ ಮಾತ್ರ ‘ಒಪ್ಪ’ವು ಸಹಿಯ ಅರ್ಥವನ್ನು ಬಿಟ್ಟುಕೊಟ್ಟು, ಅಂದ, ಅಚ್ಚುಕಟ್ಟು, ಚಿನ್ನಕ್ಕೆ ಹಾಕುವ ಮೆರುಗು ಎಂಬ ಅರ್ಥಗಳಲ್ಲಿ ಉಳಿಯಿತು. ಸಮ್ಮತಿಯ ಅರ್ಥವನ್ನು ‘ಒಪ್ಪಿಗೆ’, ‘ಒಪ್ಪಂದ’ಗಳು ವಹಿಸಿಕೊಂಡವು.

ಭಾಷಾಚರಿತ್ರಕಾರರ ಗಮನ ಸೆಳೆಯಬೇಕಾದದ್ದು ಒಪ್ಪದ ಸ್ಥಾನದಲ್ಲಿ ಬರುವ ಬರಹ. ಅಗ್ರಹಾರದ ಮಹಾಜನರು ಒಪ್ಪವಿಟ್ಟಾಗ ಅಲ್ಲಿ ಕಾಣುವುದು ಅನೇಕ ವೇಳೆ ಅವರ ಹೆಸರುಗಳಲ್ಲ, ಊರ ದೇವರ ಹೆಸರು. ಅರಸರ ಪದ್ಧತಿಯೂ ಇದರಿಂದ ಬಹಳ ದೂರವಿರಲಿಲ್ಲ. ಹೊಯ್ಸಳ ಅರಸರು ‘ಮಲಪರೊಳ್ಗಂಡ’ ಎಂಬ ಬಿರುದನ್ನು ಒಪ್ಪವಾಗಿ ಬಳಸಿದರು. ಮುಂದೆ ವಿಜಯನಗರದ ತಾಮ್ರಪಟಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಬಂದಿತು. ಪಟದ ಒಡಲು ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿದ್ದರೂ ಕೊನೆಯ ಒಪ್ಪ ಮಾತ್ರ ಕನ್ನಡ ಅಕ್ಷರಗಳಲ್ಲಿರುವುದು ಸಾಮಾನ್ಯ. ಲಿಪಿಯ ಈ ಬದಲಾವಣೆಯೇ ಒಂದು ಪರೀಕ್ಷೆಯಂತೆ ಕೆಲಸ ಮಾಡುತ್ತದೆ: ಒಡಲನ್ನು ಲಿಪಿಕಾರ ಬರೆದಿರಬಹುದು, ಒಪ್ಪ ಅರಮನೆಯದು.

ಇದನ್ನು ಸಾಹಿತ್ಯದ ‘ಅಂಕಿತ’ದೊಂದಿಗೆ ಹೋಲಿಸಿ ನೋಡಬೇಕು. ವಚನಕಾರರೂ ಹರಿದಾಸರೂ ತಮ್ಮ ರಚನೆಗಳ ಕೊನೆಯಲ್ಲಿ ಇಟ್ಟದ್ದು ಇಷ್ಟದೈವದ ಹೆಸರನ್ನು. ಬಸವಣ್ಣನವರ ರಚನೆಯೆಂದು ನಾವು ಗುರುತಿಸುವುದು ಕೂಡಲಸಂಗಮದೇವನ ಹೆಸರಿನಿಂದ. ಮಹಾಜನರ ಒಪ್ಪಕ್ಕೂ ವಚನದ ಅಂಕಿತಕ್ಕೂ ವ್ಯಾಕರಣ ಒಂದೇ: ಹೇಳುವವನು ತನ್ನನ್ನು ಸ್ಥಾಪಿಸಿಕೊಳ್ಳುವುದು ತನಗೆ ಹೊಣೆಯಾಗಿ ನಿಲ್ಲುವ ಇನ್ನೊಬ್ಬರ ಹೆಸರಿನ ಮೂಲಕ. ‘ನೀನು ಯಾರು’ ಎಂಬುದಕ್ಕಿಂತ ‘ನಿನಗೆ ಯಾರು ಹೊಣೆ’ ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ.

3. ಬಂಡೆಯ ಮೇಲಿನ ಹೆಸರು

ವೈಯಕ್ತಿಕ ಹೆಸರಿನ ಹಂಬಲ ಆ ಕಾಲದಲ್ಲಿ ಇರಲಿಲ್ಲವೆಂದು ಇದರರ್ಥವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಯಾತ್ರಿಕರು ಕೊರೆದ ಹೆಸರುಗಳು ಹೇರಳವಾಗಿವೆ. ಅವುಗಳಲ್ಲಿ ಹಲವಕ್ಕೆ ಕ್ರಿಯಾಪದವಿಲ್ಲ, ವಾಕ್ಯವಿಲ್ಲ. ಬರಿಯ ನಾಮಪದವೇ ‘ನಾನು ಇಲ್ಲಿಗೆ ಬಂದಿದ್ದೆ’ ಎಂಬ ಅರ್ಥವನ್ನು ಹೊರುತ್ತದೆ. ಅದೇ ಬೆಟ್ಟದಲ್ಲಿ ‘ಕವಿರತ್ನ’ ಎಂಬ ಬರಹವೊಂದಿದೆ. ಹತ್ತನೆಯ ಶತಮಾನದ ಕವಿ ರನ್ನನೇ ಇದನ್ನು ಬರೆದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಊಹೆ ಸುಂದರವಾಗಿದೆ, ಲಿಪಿಯ ಕಾಲವೂ ಅದಕ್ಕೆ ವಿರೋಧವಾಗಿಲ್ಲ. ಆದರೂ ಅದನ್ನು ಸಾಧಿಸುವ ದಾರಿ ಯಾವುದು? ಬಂಡೆಯ ಬರಹಕ್ಕೆ ಸಾಕ್ಷಿಗಳಿಲ್ಲ, ಒಪ್ಪವಿಲ್ಲ. ಹೆಸರು ತಾನೇ ತನಗೆ ಸಾಕ್ಷಿಯಾಗಲಾರದು ಎಂಬುದನ್ನು ಈ ಬಂಡೆ ಸಾವಿರ ವರ್ಷಗಳಿಂದ ನಮಗೆ ತೋರಿಸುತ್ತಿದೆ.

ಶಿಲ್ಪಿಗಳ ವಿಷಯ ಬೇರೆ. ಇದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ಉತ್ತರದ ಕಡೆ ಮಲ್ಲಿತಮ್ಮ, ದಕ್ಷಿಣದ ಕಡೆ ಬೈಚೋಜ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ಸಿಗುತ್ತದೆ. ಕೂಲಿಯ ಲೆಕ್ಕಕ್ಕೋ ಕೀರ್ತಿಗೋ, ಎರಡಕ್ಕೂ ಇರಬಹುದು. ಇಲ್ಲಿ ಹೆಸರಿನ ಪಕ್ಕದಲ್ಲಿಯೇ ಕೆಲಸವಿದೆ. ಕಲ್ಲಿನ ಮೇಲಣ ಕೈವಾಡ ಹೆಸರನ್ನು ಸಮರ್ಥಿಸುತ್ತದೆ, ಹೆಸರು ಕೈವಾಡವನ್ನು.

4. ಕೂಟಶಾಸನ ಮತ್ತು ಭಾಷೆಯ ಪರೀಕ್ಷೆ

ಗುರುತು ಇರುವಲ್ಲಿ ನಕಲಿ ಗುರುತೂ ಇರುತ್ತದೆ. ಹಿಂದಿನ ಅರಸರ ಹೆಸರಿನಲ್ಲಿ ಅನಂತರದವರು ಸೃಷ್ಟಿಸಿದ ದಾನಪತ್ರಗಳನ್ನು ನಾವು ಕೂಟಶಾಸನಗಳೆನ್ನುತ್ತೇವೆ. ಗಂಗರ ಹೆಸರಿನ ಅನೇಕ ತಾಮ್ರಪಟಗಳ ಪ್ರಾಮಾಣ್ಯವನ್ನು ಜೆ. ಎಫ್. ಫ್ಲೀಟ್ ಪ್ರಶ್ನಿಸಿದರು, ರೈಸ್ ಅವುಗಳ ಪರವಾಗಿ ನಿಂತರು. ಆ ವಿವಾದದ ವಿವರಗಳಿಗಿಂತ ಅದರ ವಿಧಾನ ನಮಗೆ ಇಲ್ಲಿ ಮುಖ್ಯ. ಕೂಟಶಾಸನಕಾರ ವಂಶಾವಳಿಯನ್ನು ಪ್ರತಿಮಾಡಬಲ್ಲ, ಬಿರುದುಗಳನ್ನು ಪ್ರತಿಮಾಡಬಲ್ಲ. ಆದರೆ ತನ್ನ ಕಾಲದ ಅಕ್ಷರದ ತಿರುವನ್ನೂ ತನ್ನ ನಾಲಗೆಯ ಧ್ವನಿಯನ್ನೂ ಮುಚ್ಚಿಡುವುದು ಅವನಿಗೆ ಕಷ್ಟ. ಪಕಾರ ಹಕಾರವಾಗುವುದಕ್ಕೆ ಮೊದಲಿನದೆಂದು ಹೇಳಿಕೊಳ್ಳುವ ಶಾಸನದಲ್ಲಿ ‘ಪಳ್ಳಿ’ಯ ಬದಲು ‘ಹಳ್ಳಿ’ ನುಸುಳಿದರೆ, ೞಕಾರ ಇರಬೇಕಾದಲ್ಲಿ ಳಕಾರ ಬಂದರೆ, ಸಂಶಯ ಹುಟ್ಟುತ್ತದೆ.

1440ರಲ್ಲಿ ಲೊರೆಂಜೊ ವಲ್ಲಾ ಕಾನ್‌ಸ್ಟಂಟೈನನ ದಾನಪತ್ರ ನಕಲಿಯೆಂದು ಸಾಧಿಸಿದ್ದು ಬಹುಮಟ್ಟಿಗೆ ಇದೇ ರೀತಿಯಲ್ಲಿ, ಅದರ ಲ್ಯಾಟಿನ್ ಆ ಕಾಲದ್ದಲ್ಲವೆಂಬ ಆಧಾರದಿಂದ. ಅನುಕರಿಸುವವನಿಗೆ ಕೈಗೂಡದ ಭಾಷಿಕ ಅಂಶವೊಂದನ್ನು ಹುಡುಕಿ ಅದನ್ನೇ ಒರೆಗಲ್ಲಾಗಿಸುವುದು ನಮ್ಮ ಶಾಸ್ತ್ರದ ಹಳೆಯ ಕೌಶಲ. ಗಣಕಲೋಕವು ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಇದೇ ತತ್ತ್ವವನ್ನು ಬೇರೆ ಹೆಸರಿನಲ್ಲಿ ಮರಳಿ ಕಂಡುಕೊಂಡಿತು.

5. ಸಹಿ, ರುಜು, ದಸ್ಕತ್ತು

ಕಾಗದದ ಆಡಳಿತದೊಂದಿಗೆ ಪದಕೋಶವೂ ಬದಲಾಯಿತು. ‘ದಸ್ಕತ್ತು’ ಪಾರಸಿಯ ‘ದಸ್ತ್’ (ಕೈ) ಮತ್ತು ಅರಬ್ಬಿ ಮೂಲದ ‘ಖತ್’ (ಬರಹ) ಸೇರಿ ಆದದ್ದು. ‘ಹಸ್ತಾಕ್ಷರ’ವೂ ಇದೇ ಕಲ್ಪನೆಯನ್ನು ಸಂಸ್ಕೃತದಲ್ಲಿ ಹೇಳುತ್ತದೆ. ‘ಸಹಿ’ಯ ಮೂಲ ಅರಬ್ಬಿಯ ‘ಸಹೀಹ್’. ಅದರರ್ಥ ಸರಿಯಾದದ್ದು, ದೋಷವಿಲ್ಲದ್ದು. ‘ರುಜು’ ಮತ್ತು ‘ರುಜುವಾತು’ಗಳು ಲೆಕ್ಕವನ್ನು ತಾಳೆ ನೋಡುವ ಅರ್ಥದ ಅರಬ್ಬಿ ಮೂಲದ ಮರಾಠಿ ಪದಗಳೊಂದಿಗೆ ಸಂಬಂಧವುಳ್ಳವು, ಕನ್ನಡಿಗರ ಮನಸ್ಸಿನಲ್ಲಿ ಅವು ಸಂಸ್ಕೃತದ ‘ಋಜು’ವಿನೊಡನೆ ಬೆರೆತುಹೋಗಿವೆ. ಅರ್ಥಗಳ ಈ ಸಾಲನ್ನು ಗಮನಿಸಿದರೆ ಒಂದು ಪಲ್ಲಟ ಸ್ಪಷ್ಟವಾಗುತ್ತದೆ. ಒಪ್ಪವು ಸಮ್ಮತಿಯನ್ನು ಹೇಳುತ್ತಿತ್ತು. ಸಹಿ ಮತ್ತು ರುಜು ಸರಿತನವನ್ನು ಹೇಳುತ್ತವೆ, ದಸ್ಕತ್ತು ಕೈಯನ್ನು ಹೇಳುತ್ತದೆ.

ಆದರೂ ಹಳೆಯದು ಪೂರ್ತಿ ಅಳಿಯಲಿಲ್ಲ. ಕ್ರಯಪತ್ರಗಳ ಕೊನೆಯಲ್ಲಿ ಪತ್ರವನ್ನು ಓದಿಸಿ, ಕೇಳಿ, ‘ಒಪ್ಪಿ ರುಜು’ ಮಾಡಿದ್ದೇವೆ ಎಂಬ ರೂಢಿಯ ಮಾತು ಇಂದಿಗೂ ಇದೆ. ‘ಒಪ್ಪಿ’ ಎಂಬ ಕೃದಂತಾವ್ಯಯದಲ್ಲಿ ಹಳೆಯ ಒಪ್ಪ ಜೀವ ಉಳಿಸಿಕೊಂಡು ಹೊಸ ರುಜುವಿಗೆ ದಾರಿಬಿಟ್ಟು ನಿಂತಿದೆ. ‘ಓದಿಸಿ’ ಎಂಬ ಪ್ರೇರಣಾರ್ಥಕ ರೂಪವೂ ಅಷ್ಟೇ ಗಮನಾರ್ಹ. ರುಜು ಹಾಕುವವರಿಗೆ ಓದು ಬಾರದಿರಬಹುದೆಂಬ ಅರಿವು ದಾಖಲೆಯ ವ್ಯಾಕರಣದಲ್ಲಿಯೇ ಸೇರಿದೆ. ಇಂಥ ಪತ್ರಗಳಲ್ಲಿ ಬರೆದವನೂ ‘ಬಿಕ್ಕಲಂ’ ಎಂದು ಸೂಚಿಸಿ ತನ್ನ ಹೆಸರನ್ನು ಬರೆಯುತ್ತಿದ್ದ. ಇದು ‘ಇಂಥವರ ಲೇಖನಿಯಿಂದ’ ಎಂಬರ್ಥದ ಪಾರಸಿ ಮೂಲದ ಪದ. ಶಾನುಭೋಗನಾಗಲಿ ಪತ್ರಬರಹಗಾರನಾಗಲಿ, ಇನ್ನೊಬ್ಬರ ಪರವಾಗಿ ಅಕ್ಷರ ಬರೆದವನು ಆ ಅಕ್ಷರಕ್ಕೆ ಹೆಸರುಸಹಿತ ಹೊಣೆಯಾಗುತ್ತಿದ್ದ. ಈ ಅಂಶಕ್ಕೆ ನಾವು ಮತ್ತೆ ಮರಳುತ್ತೇವೆ.

6. ಹೆಬ್ಬೆಟ್ಟು

ಅಕ್ಷರ ಬಾರದವರ ಗುರುತಿಗೆ ಬೇರೆ ಬೇರೆ ದಾರಿಗಳಿದ್ದವು. ಮರಾಠಿ ಸೀಮೆಯ ಹಳೆಯ ಪತ್ರಗಳಲ್ಲಿ ರೈತನ ಹೆಸರಿನ ಮುಂದೆ ನೇಗಿಲ ಚಿತ್ರವಿರುತ್ತದೆ. ಅದು ಅವನ ಕಸುಬಿನ ಗುರುತೇ ಹೊರತು ಅವನೊಬ್ಬನದೇ ಅಲ್ಲ. ದೇಹದ ಗುರುತು ಆಡಳಿತವನ್ನು ವ್ಯವಸ್ಥಿತವಾಗಿ ಪ್ರವೇಶಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ಪಡೆದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಅದರ ವರ್ಗೀಕರಣ ಕ್ರಮದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆಯಿತ್ತು; ಕ್ರಮಕ್ಕೆ ಬಂದ ಹೆಸರು ಮಾತ್ರ ಎಡ್ವರ್ಡ್ ಹೆನ್ರಿಯದು. ಗುರುತಿನ ಚರಿತ್ರೆಯಲ್ಲಿಯೂ ಕೈ ಒಬ್ಬರದು, ಹೆಸರು ಇನ್ನೊಬ್ಬರದು.

ಕನ್ನಡದಲ್ಲಿ ‘ಹೆಬ್ಬೆಟ್ಟು’ (ಹಿರಿದು + ಬೆಟ್ಟು, ಬೆರಳು) ಅಂಗದ ಹೆಸರಾಗಿದ್ದದ್ದು ಗುರುತಿನ ಹೆಸರಾಯಿತು, ಆಮೇಲೆ ಮನುಷ್ಯನ ಹೆಸರಾಯಿತು. ‘ಅವನು ಹೆಬ್ಬೆಟ್ಟು’ ಎಂದರೆ ಓದುಬರಹ ಬಾರದವನು ಎಂದರ್ಥ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಕಾಲದಲ್ಲಿ ಹೆಬ್ಬೆಟ್ಟಿನಿಂದ ಸಹಿಗೆ ಬರುವುದೇ ಹಳ್ಳಿಗಳಲ್ಲಿ ಸಾಕ್ಷರತೆಯ ಕಣ್ಣಿಗೆ ಕಾಣುವ ಲಕ್ಷಣವಾಗಿತ್ತು. ಅಷ್ಟರಲ್ಲಿಯೇ ಕಾನೂನು ವಿರುದ್ಧ ದಿಕ್ಕಿಗೆ ತಿರುಗಿತು. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿಸಿದ ಕಲಮು ಅಕ್ಷರಸ್ಥರಿಂದಲೂ ಭಾವಚಿತ್ರ ಮತ್ತು ಬೆರಳಚ್ಚನ್ನು ಕೇಳಿತು. ಅದೇ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಅಂದಿನ 177 ತಾಲ್ಲೂಕುಗಳ ಪಹಣಿಗಳನ್ನು ಗಣಕಕ್ಕೆ ತಂದಿತು. ದಾಖಲೆ ತಿದ್ದುವ ಅಧಿಕಾರಿಯೇ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಅದರಲ್ಲಿತ್ತು. 2010ರಲ್ಲಿ ಆಧಾರ್ ಸಂಖ್ಯೆಗಳ ವಿತರಣೆ ಆರಂಭವಾಯಿತು. ಒಂದು ತಲೆಮಾರು ನಾಚಿಕೆಯಿಂದ ಬಿಟ್ಟದ್ದನ್ನು ಮುಂದಿನ ತಲೆಮಾರು ಕಡ್ಡಾಯವಾಗಿ ಕೊಡಬೇಕಾಯಿತು.

ಪಡಿತರದ ಸಾಲಿನಲ್ಲಿ ಇಂದು ಕೇಳಿಬರುವ ಮಾತು ‘ಥಂಬ್ ಕೊಡಿ’. ಯಂತ್ರ ಗುರುತಿಸದಿದ್ದರೆ ‘ಥಂಬ್ ತಗೋತಿಲ್ಲ’. ಹೊಲಗೆಲಸದಲ್ಲಿ, ಕಾಫಿ ತೋಟದಲ್ಲಿ, ಹೊಗೆಸೊಪ್ಪಿನ ಕೆಲಸದಲ್ಲಿ ಸವೆದ ಬೆರಳಿನ ಗೆರೆಗಳನ್ನು ಯಂತ್ರ ಓದದಿರುವುದುಂಟು. ಆಗ ದುಡಿಮೆಯೇ ದುಡಿದವರ ಗುರುತನ್ನು ಅಳಿಸಿದಂತಾಗುತ್ತದೆ.

7. ಕ್ಯಾಪ್ಚಾ: ಅಕ್ಷರದ ಒರೆಗಲ್ಲು

1950ರಲ್ಲಿ ಅಲನ್ ಟ್ಯೂರಿಂಗ್ ಸೂಚಿಸಿದ ಪರೀಕ್ಷೆಯಲ್ಲಿ ಮನುಷ್ಯನು ಯಂತ್ರವನ್ನು ಪ್ರಶ್ನಿಸುತ್ತಿದ್ದ. ಅರ್ಧ ಶತಮಾನದ ಬಳಿಕ ಸ್ಥಾನಗಳು ಅದಲುಬದಲಾದವು; ಯಂತ್ರವು ಮನುಷ್ಯನನ್ನು ಪ್ರಶ್ನಿಸತೊಡಗಿತು. ಲೂಯಿಸ್ ವಾನ್ ಆನ್, ಮಾನ್ಯುಯೆಲ್ ಬ್ಲಮ್, ನಿಕೋಲಸ್ ಹಾಪರ್ ಮತ್ತು ಜಾನ್ ಲ್ಯಾಂಗ್‌ಫರ್ಡ್ ಈ ಪರೀಕ್ಷೆಗೆ ‘ಕ್ಯಾಪ್ಚಾ’ ಎಂಬ ಹೆಸರನ್ನು ರೂಢಿಗೆ ತಂದರು. ಸೊಟ್ಟಗಾದ ಅಕ್ಷರಗಳನ್ನು ಮನುಷ್ಯ ಓದಬಲ್ಲ, ಯಂತ್ರ ಓದಲಾರದು ಎಂಬುದು ಅದರ ತಳಹದಿ. 2007ರಲ್ಲಿ ಬಂದ ರೀಕ್ಯಾಪ್ಚಾ ಹಳೆಯ ಮುದ್ರಣದ ಅಸ್ಪಷ್ಟ ಪದಗಳನ್ನು ಜನರಿಂದ ಓದಿಸಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಗಣಕೀಕರಿಸಲು ನೆರವಾಯಿತು. 2009ರಲ್ಲಿ ಅದು ಗೂಗಲ್‌ನ ಪಾಲಾಯಿತು. ಸವೆದ ಅಕ್ಷರ ಓದುವುದು ಶಾಸನತಜ್ಞರ ಕಸುಬು. ಈಗ ಅದು ಅರಿವಿಲ್ಲದೆ ಕೋಟ್ಯಂತರ ಜನರ ಬಿಟ್ಟಿಗೆಲಸವಾಯಿತು.

ಒಂದು ಸಂಗತಿಯನ್ನು ಮಾತ್ರ ಭಾಷಾವಿಜ್ಞಾನಿಗಳು ಒತ್ತಿಹೇಳಬೇಕಾಗಿದೆ. ಈ ಪರೀಕ್ಷೆಯ ಅಕ್ಷರಗಳು ರೂಢಿಯಲ್ಲಿ ರೋಮನ್ ಅಕ್ಷರಗಳು. ಹೊಳೆನರಸೀಪುರದ ಮುದುಕಿಯೊಬ್ಬರು ಕನ್ನಡದ ಪುರಾಣಗಳನ್ನು ನಿರರ್ಗಳವಾಗಿ ಓದಬಲ್ಲವರಾಗಿದ್ದರೂ ಇಲ್ಲಿ ಮನುಷ್ಯರೆನಿಸಿಕೊಳ್ಳಲಾರರು. ಅಕ್ಷರಗಳ ಬದಲು ಚಿತ್ರಗಳು ಬಂದಾಗಲೂ ತೊಡಕು ತೀರಲಿಲ್ಲ. ಅಮೆರಿಕದ ಬೀದಿಬದಿಯ ಅಗ್ನಿಶಾಮಕ ನಲ್ಲಿಯನ್ನು ಗುರುತಿಸಬೇಕೆಂದರೆ ಅರಕಲಗೂಡಿನ ಬೀದಿಯಲ್ಲಿ ಅಂಥದ್ದೊಂದು ಇರಬೇಕಲ್ಲ. ಮನುಷ್ಯತ್ವದ ಪರೀಕ್ಷೆಯೆಂದು ಹೇಳಿಕೊಂಡದ್ದು ಒಂದು ಲಿಪಿಯ, ಒಂದು ಬೀದಿಯ ಪರಿಚಯದ ಪರೀಕ್ಷೆಯಾಗಿತ್ತು.

ಹೆಸರಿನ ಚೌಕಗಳದ್ದೂ ಇದೇ ಕಥೆ. ಈ ಸೀಮೆಯಲ್ಲಿ ಹೆಸರು ಸಾಮಾನ್ಯವಾಗಿ ಊರಿನಿಂದ ಆರಂಭವಾಗುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಅರಕಲಗೂಡು ನರಸಿಂಗರಾವ್ ಕೃಷ್ಣರಾವ್, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ಹೇಮಾವತಿಯ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗಂತೂ ಊರೇ ಹೆಸರಾಯಿತು. ಊರು ಮತ್ತು ತಂದೆ ಮೊದಲು ಹೊಣೆ ನಿಲ್ಲುತ್ತಾರೆ, ಅನಂತರ ವ್ಯಕ್ತಿ ಬರುತ್ತಾನೆ. ಇನಿಷಿಯಲ್ ಎಂಬ ಒಂದೆರಡು ಅಕ್ಷರಗಳಲ್ಲಿ ಸಂಕ್ಷೇಪಗೊಂಡಿರುವುದು ಹಳೆಯ ಒಪ್ಪವೇ ಎನ್ನಬಹುದು. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಚೌಕಗಳಿಗೆ ಈ ರಚನೆ ಹೊಂದುವುದಿಲ್ಲ. ಒಂದು ದಾಖಲೆಯಲ್ಲಿ ಊರಿನ ಅಕ್ಷರ ಮುಂದೆ, ಇನ್ನೊಂದರಲ್ಲಿ ಹಿಂದೆ ಬಂದರೆ ಒಬ್ಬನೇ ವ್ಯಕ್ತಿ ಯಂತ್ರಕ್ಕೆ ಇಬ್ಬರಾಗುತ್ತಾನೆ.

8. ‘ಅಲ್ಲ’ ಎಂಬ ಸಾಕ್ಷ್ಯ

ಪರದೆಯ ಮೇಲಿನ ‘ನಾನು ರೋಬೋಟ್ ಅಲ್ಲ’ ಎಂಬ ವಾಕ್ಯದ ರಚನೆಯನ್ನು ಈಗ ಪರಿಶೀಲಿಸಬಹುದು. ಕನ್ನಡವು ಇರವಿನ ನಿಷೇಧವನ್ನು ‘ಇಲ್ಲ’ದಿಂದಲೂ ತಾದಾತ್ಮ್ಯದ ನಿಷೇಧವನ್ನು ‘ಅಲ್ಲ’ದಿಂದಲೂ ಹೇಳುತ್ತದೆ. ಇಂಗ್ಲಿಷಿನಲ್ಲಿ ಈ ಭೇದ ಮುಚ್ಚಿಹೋಗುತ್ತದೆ, ಕನ್ನಡದಲ್ಲಿ ಎದ್ದುಕಾಣುತ್ತದೆ. ಕಲ್ಲಿನಿಂದ ಕಾಗದದವರೆಗಿನ ಎಲ್ಲ ಗುರುತುಗಳೂ ವಿಧಿರೂಪದವು: ನಾನು ಇಂಥವನು, ಇಂಥವರ ಮಗ, ಇಂಥ ಊರಿನವನು. ಹೆಬ್ಬೆಟ್ಟು ಕೂಡ ‘ಇದು ನನ್ನದು’ ಎನ್ನುತ್ತಿತ್ತು. ಪರದೆಯ ವಾಕ್ಯ ಮಾತ್ರ ನಿಷೇಧರೂಪದ್ದು. ಅದು ವ್ಯಕ್ತಿಯನ್ನು ಕೇಳುತ್ತಿಲ್ಲ, ಜಾತಿಯನ್ನು, ಅಂದರೆ ಮನುಷ್ಯಜಾತಿಯನ್ನು ಕೇಳುತ್ತಿದೆ. ಆರೋಪ ಮೊದಲೇ ಇದೆ, ಉತ್ತರಿಸುವವನು ಅದನ್ನು ನಿರಾಕರಿಸಬೇಕಾಗಿದೆ.

ಕ್ರಿಯಾಪದಗಳೂ ಇದೇ ಚರಿತ್ರೆಯನ್ನು ಹೇಳುತ್ತವೆ. ರುಜುವನ್ನು ‘ಮಾಡು’ತ್ತೇವೆ, ‘ಹಾಕು’ತ್ತೇವೆ, ಹೆಬ್ಬೆಟ್ಟನ್ನು ‘ಒತ್ತು’ತ್ತೇವೆ. ಕರ್ತೃತ್ವ ನಮ್ಮದು. ಥಂಬನ್ನು ‘ಕೊಡು’ತ್ತೇವೆ, ಪಡೆಯುವವನೊಬ್ಬ ವಾಕ್ಯದೊಳಗೆ ಬಂದ. ಅದು ‘ತಗೋತಿಲ್ಲ’ ಎಂದಾಗ ಯಂತ್ರವೇ ಕರ್ತೃ. ಲಾಗಿನ್ ‘ಆಗು’ತ್ತೇವೆ; ‘ಆಗ್ತಿಲ್ಲ’ ಎಂದಾಗ ಕರ್ತೃವೇ ಇಲ್ಲ, ದೂರು ಕೊಡಲು ಎದುರಿಗೆ ಯಾರೂ ಇಲ್ಲ.

9. ಸಮಾರೋಪ

ಸೊಟ್ಟ ಅಕ್ಷರಗಳನ್ನು ಯಂತ್ರಗಳು ಈಗ ಓದಬಲ್ಲವು. ಅದಕ್ಕಿಂತ ಮೊದಲೇ, ಕ್ಯಾಪ್ಚಾ ಬಿಡಿಸುವ ಕೆಲಸ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಸಾವಿರಕ್ಕೆ ಒಂದು ಡಾಲರಿನ ಆಸುಪಾಸಿನ ಕೂಲಿಯಾಗಿದ್ದುದನ್ನು 2010ರ ಅಧ್ಯಯನವೊಂದು ದಾಖಲಿಸಿತ್ತು. ಅನುಕರಿಸಲಾಗದ ಭಾಷಿಕ ಅಂಶವನ್ನು ಹುಡುಕುವ ಪರೀಕ್ಷೆ ಹೀಗೆ ದುರ್ಬಲವಾದಾಗ ಅದರ ಸ್ಥಾನಕ್ಕೆ ಬಂದದ್ದು ‘ಸೈನ್ ಇನ್ ಮಾಡಿ’ ಎಂಬ ಬೇಡಿಕೆ. ಇದು ಸಾಮರ್ಥ್ಯವನ್ನು ಪರೀಕ್ಷಿಸುವುದಿಲ್ಲ. ನಿನಗೆ ಖಾತೆ ಕೊಟ್ಟವರು ಯಾರು, ಅಂದರೆ ನಿನಗೆ ಯಾರು ಹೊಣೆ ಎಂದು ಕೇಳುತ್ತದೆ. ಎಂಟುನೂರು ವರ್ಷಗಳ ಸುತ್ತು ಮುಗಿಸಿ ನಾವು ಮತ್ತೆ ಒಪ್ಪದ ಪ್ರಶ್ನೆಗೆ ಬಂದು ನಿಂತಿದ್ದೇವೆ.

ಆದರೆ ಎರಡರ ನಡುವೆ ದೊಡ್ಡ ಅಂತರವಿದೆ. ಹಳೆಯ ಒಪ್ಪವನ್ನು ಆದರ್ಶವೆಂದು ನಾವು ಹೇಳುತ್ತಿಲ್ಲ. ಮಹಾಜನರ ಸಭೆಯಲ್ಲಿ ಹೆಂಗಸರಿಗೂ ಉಳುವವರಿಗೂ ಸ್ಥಾನವಿತ್ತೆಂದು ಯಾರೂ ಹೇಳಲಾರರು. ಆದರೂ ಒಪ್ಪವಿಟ್ಟವರು ಅದೇ ಊರಿನಲ್ಲಿದ್ದರು, ತಪ್ಪಿದರೆ ಕೇಳಬಹುದಾಗಿತ್ತು. ಇಂದು ಹೊಣೆ ನಿಲ್ಲುವ ಸಂಸ್ಥೆ ಬಳಕೆದಾರನ ಊರಿನಲ್ಲಿಲ್ಲ, ಅವನ ಭಾಷೆಯಲ್ಲಿಯೂ ಬಹುತೇಕ ಇಲ್ಲ. ಇನ್ನೂ ಒಂದು ಲೋಪವಿದೆ. ಸೇವಾಕೇಂದ್ರದಲ್ಲಿ ಕುಳಿತ ಹುಡುಗ ಮುದುಕಿಯ ಪರವಾಗಿ ರೋಮನ್ ಅಕ್ಷರಗಳನ್ನು ಒತ್ತಿ, ಅವರು ರೋಬೋಟ್ ಅಲ್ಲವೆಂದು ತಾನು ದೃಢಪಡಿಸುತ್ತಾನೆ. ಅವನು ಇಂದಿನ ಬಿಕ್ಕಲಂ. ಹಳೆಯ ಪತ್ರದಲ್ಲಿ ಬಿಕ್ಕಲಂ ಬರೆದವನ ಹೆಸರು ಇರುತ್ತಿತ್ತು. ‘ಓದಿಸಿ ಕೇಳಿ’ದ್ದೂ ದಾಖಲಾಗುತ್ತಿತ್ತು. ಆ ಹುಡುಗ ಒತ್ತಿದ ಅಕ್ಷರಗಳಾದರೋ ಮುದುಕಿಯೇ ಒತ್ತಿದವೆಂದು ದಾಖಲಾಗುತ್ತವೆ. ಓದಿಸಿ ಕೇಳಿದ್ದಕ್ಕೆ ಪರದೆಯಲ್ಲಿ ಜಾಗವೇ ಇಲ್ಲ.

ಈ ಕಾರಣದಿಂದ ಗುರುತಿನ ಪದಕೋಶ ಭಾಷಾವಿಜ್ಞಾನಿಗಳಿಗೆ ಹಳೆಯ ಪದಗಳ ಕುತೂಹಲ ಮಾತ್ರವಾಗಿರಬಾರದು. ತಾಲ್ಲೂಕು ಕಚೇರಿಯ ಮುಂದಿನ, ಪಡಿತರದ ಸಾಲಿನ, ಸೇವಾಕೇಂದ್ರದ ಬಾಗಿಲಿನ ಕನ್ನಡವನ್ನು ಈಗಲೇ ಸಂಗ್ರಹಿಸಬೇಕು. ಪರದೆಯ ವಾಕ್ಯಗಳನ್ನು ಕನ್ನಡಕ್ಕೆ ತರುವವರಿಗೆ ‘ಓದಿಸಿ ಕೇಳಿ ಒಪ್ಪಿ’ ಎಂಬ ಮೂರು ಕೃದಂತಗಳಲ್ಲಿ ಒಂದು ಮಾದರಿ ಸಿದ್ಧವಾಗಿಯೇ ಇದೆ. ಓದು ಬಾರದವರನ್ನೂ ಮನುಷ್ಯರೆಂದು ಒಪ್ಪಿಕೊಂಡು, ಅವರ ಪರವಾಗಿ ಬರೆದವನ ಹೆಸರನ್ನೂ ಬರೆಸಿಕೊಂಡ ಮಾದರಿ ಅದು.